ವೇವರ್ ಹೋಳಿಗೆ

ಮನೆಯ ಫೋನಿನ ಸಂದೇಶದ ಟೇಪಿನಲ್ಲಿ ಆ ಸುದ್ದಿ ಕೇಳಿದ್ದೇ ತಡ, ನಾನು ಕಡಲೆಬೇಳೆ ಬೇಯಲಿಟ್ಟೆ. ನನ್ನ ಗಂಡನ ಜೊತೆ ಕೆಲಸ ಮಾಡುವ ಡಾಕ್ಟರ್ ಮಾರ್ಕ್ ನಗುನಗುತ್ತ ಹೇಳಿದ್ದ: ಶಿವಾ, ಅಭಿನಂದನೆ, ನಿನ್ನ ವೇವರ್ ಸಿಕ್ಕಿತು!

ವೇವರ್ ಅಂದರೆ ನಮಗೆ ಆಗ ಜೀವ. ಇವರು, ಶಿವಬಸಪ್ಪ, ವಾಷಿಂಗ್ಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರ್ ತರಬೇತಿ ಮುಗಿಸುತ್ತಿದ್ದರು. ಅದು ಮುಗಿದ ಮೇಲೆ ಎರಡು ವರ್ಷ ಇಂಡಿಯಾಕ್ಕೆ ವಾಪಸು ಹೋಗಲೇಬೇಕೆಂದು ಅವರ ವೀಸಾದ ನಿಯಮ. ಡಾಕ್ಟರಿಲ್ಲದ ಊರಲ್ಲಿ ಕೆಲಸ ಒಪ್ಪಿಕೊಂಡರೆ ವಿನಾಯಿತಿ, ಅದೇ ವೇವರ್. 1997ರ ಆ ವಸಂತದಲ್ಲಿ ನಾವು ಡಾಕ್ಟರ ಹೆಂಡಂದಿರು ಊಟ ಆಯಿತೇ ಎಂದು ಕೇಳುವುದನ್ನೇ ಬಿಟ್ಟಿದ್ದೆವು. "ವೇವರ್ ಬಂತೇನ್ರೀ?" ಅಷ್ಟೇ.

ನಾರ್ತ್ ಕೆರೊಲೈನಾದ ಒಂದು ಸಣ್ಣ ಊರಿನ ಕ್ಲಿನಿಕ್ಕಿನವರು ಇವರನ್ನು ಕರೆದಿದ್ದರು. ನಾನೇ ಬೇಡವೆಂದಿದ್ದೆ. ವಾಷಿಂಗ್ಟನ್ ಹತ್ತಿರ ನಾವಿದ್ದ ಗೈದರ್ಸ್‌ಬರ್ಗಿನ ಗೆಳತಿಯರನ್ನು ಬಿಟ್ಟು, ಕನ್ನಡದ ಒಂದು ನರಪಿಳ್ಳೆಯೂ ಇಲ್ಲದ ಊರಲ್ಲಿ ಗೋಡೆಯ ಜೊತೆ ಮಾತಾಡಲೇ? ಇಲ್ಲೇ ಹತ್ತಿರ ಎಲ್ಲಾದರೂ ಸಿಗುತ್ತದೆಂದು ನನ್ನ ಹಟ. ಈಗ ಹಟ ಗೆದ್ದಿತೆಂದು ಉಬ್ಬಿಹೋದೆ. ಪಕ್ಕದ ಬಿಲ್ಡಿಂಗಿನ ರೇಣುಕಾದೇವಿಗೆ ಫೋನ್ ಮಾಡಿ ವೇವರ್ ಬಂತೆಂದು ಹೇಳಿಯೂ ಬಿಟ್ಟೆ.

ಸಂಜೆ ಇವರು ಬಂದರು. ತುಪ್ಪ ಸುರಿದ ಹೋಳಿಗೆ ಮುಂದಿಟ್ಟು ಸುದ್ದಿ ಹೇಳಿದೆ. ಇವರ ಮುಖ ಇಳಿಯಿತು.

"ವಿದ್ಯಾ, ಅದು ಬೇಸ್‌ಬಾಲ್ ವೇವರ್."

ಆಸ್ಪತ್ರೆಯ ಡಾಕ್ಟರುಗಳು ಸೇರಿ ಒಂದು ಆಟ ಹೂಡಿದ್ದರಂತೆ. ನಿಜವಾದ ಆಟಗಾರರನ್ನು ಕಾಗದದ ಮೇಲೆ ಹಂಚಿಕೊಂಡು ಒಬ್ಬೊಬ್ಬರದು ಒಂದು ಟೀಮ್. ಆ ಆಟಗಾರರು ಮೈದಾನದಲ್ಲಿ ಚೆನ್ನಾಗಿ ಆಡಿದರೆ ಈ ಡಾಕ್ಟರುಗಳಿಗೆ ಪಾಯಿಂಟು. ನಮ್ಮವರ ಟೀಮಿಗೆ ಹೊಸದಾಗಿ ಒಬ್ಬ ಚೆಂಡೆಸೆಯುವವ ಸಿಕ್ಕಿದ್ದೇ ಮಾರ್ಕ್ ಹೇಳಿದ ಸುದ್ದಿಯಂತೆ. ನನ್ನ ಮೈಯೆಲ್ಲ ಉರಿಯಿತು.

"ಅಂದ್ರ ಈ ಹೋಳಿಗಿ ನಾ ಯಾವನೋ ಚೆಂಡು ಒಗಿಯಾಂವಗ ಮಾಡೇನಿ?"

ನನಗೆ ಅಳು ಬಂತು, ಅತ್ತುಬಿಟ್ಟೆ. ಆದರೆ ನನ್ನ ಸ್ವಭಾವವೇ ಹಾಗೆ, ಅಳುವಾಗಲೂ ಕುತೂಹಲ ಸುಮ್ಮನಿರದು. ವೀಸಾದ ಮಾತು ಚೆಂಡಿನಾಟಕ್ಕೆ ಯಾಕೆ ಬಂತು?

"ಅವಂಗ್ಯಾಕ ವೇವರ್?"

"ನಮ್ಮ ಆಟದಾಗ ಅವನ ಹಳೇ ಟೀಮಿನ ಡಾಕ್ಟರು ಅವನ್ನ ಕೈಬಿಟ್ರು, ರಿಲೀಸ್ ಮಾಡಿದ್ರು. ಹಂಗ ಬಿಟ್ಟಾಂವ ಎರಡು ದಿನ ವೇವರ್‌ನ್ಯಾಗ ಇರ್ತಾನ. ಬೇಕಾದವ್ರು ಕೇಳಬೇಕು."

"ನೀವೊಬ್ರ ಕೇಳಿದ್ರೇನು?"

"ಮೂರು ಮಂದಿ ಕೇಳಿದ್ರು. ನನ್ನ ಟೀಮ್ ಎಲ್ಲಾರಕಿಂತ ಕೆಳಗೈತಿ, ಅದಕ್ಕ ನನಗ ಸಿಕ್ಕ."

"ಮ್ಯಾಲಿದ್ದವ್ರಿಗೆ ಸಿಗೂದಿಲ್ಲೇನು?"

"ಅವ್ರಿಗೆ ಮಂದಿ ಅದಾರಲ್ಲ. ಗರಜು ಇದ್ದವ್ರಿಗೆ ಮೊದಲು."

ಗರಜು, ಅಂದರೆ ಅಗತ್ಯ. ನಮ್ಮ ಧಾರವಾಡದ ಕಡೆ ದಿನಕ್ಕೆ ಹತ್ತು ಸಲ ಬಾಯಿಗೆ ಬರುವ ಮಾತು. ಅದು ಈಗ ನನಗೇ ಚುಚ್ಚಿತು. ವೇವರ್ ಬೇಕು, ಆದರೆ ಡಾಕ್ಟರುಗಳು ತುಂಬಿರುವ ಊರಲ್ಲೇ ಬೇಕು ಅಂತ ಕೂತವಳು ನಾನು. ನಾಚಿಕೆಯಾಯಿತು.

"ರೀ, ಆ ಕೆರೊಲೈನಾದವ್ರು... ಅವ್ರಿಗೆ ಇನ್ನೂ ಡಾಕ್ಟರ್ ಸಿಕ್ಕಿಲ್ಲೇನು?"

ಇವರು ಹೋಳಿಗೆಯ ಒಂದು ತುಂಡು ಮುರಿದರು. "ಮೊನ್ನೆ ಮತ್ತ ಫೋನ್ ಮಾಡಿದ್ರು. ನೀ ಬ್ಯಾಸರ ಮಾಡ್ಕೋತಿ ಅಂತ ಹೇಳಲಿಲ್ಲ."

ನಾನು ಇನ್ನೊಂದು ಹೋಳಿಗೆ ಹಾಕಿ ತುಪ್ಪ ಸುರಿದೆ.

"ತಿನ್ರಿ. ರೇಣುಕಾದೇವಿಗೆ ನಾ ಹೇಳಿದ್ದು ಸುಳ್ಳಾಗಬಾರದು. ಮುಂಜಾನೆ ಎದ್ದು ಆ ಕೆರೊಲೈನಾದವ್ರಿಗೆ ಫೋನ್ ಮಾಡ್ರಿ."