ಒಂದು ರಾತಲು ಕಡಿಮೆ

ಷಡಕ್ಷರಿ ಬರುವ ದಿನ ಲಕ್ಕಯ್ಯ ಒಂದೇ ಕಂಬಳಿಯನ್ನು ಮೂರು ಸಲ ತೂಗಿದ. ಮೂರು ಸಲವೂ ನಾಲ್ಕು ರಾತಲೇ. ಅದಕ್ಕೆ ಅವರು ಕೊಟ್ಟಿದ್ದ ನೂಲು ಐದು ರಾತಲು.

ಅದು ೧೯೩೮ರ ಮೇ ತಿಂಗಳು. ಮೂಡಿಗೆರೆಯಲ್ಲಿ ಲಕ್ಕಯ್ಯನದು ಎರಡು ಕುಳಿಮಗ್ಗದ ಕಸುಬು. ಬಾಳೂರು ಕಡೆಯ ಎಸ್ಟೇಟುಗಳು ಆಳುಗಳಿಗೆ ಕೊಡುವ ಮಳೆಗಾಲದ ಕಂಬಳಿಗಳನ್ನು ಚಿಕ್ಕಮಗಳೂರಿನ ಷಡಕ್ಷರಿ ಒಟ್ಟಾಗಿ ಗುತ್ತಿಗೆ ಹಿಡಿಯುತ್ತಿದ್ದರು. ಉಣ್ಣೆನೂಲು ಅವರದು, ನೇಯ್ಗೆ ಲಕ್ಕಯ್ಯನಂಥವರದು. ಎಷ್ಟು ತೂಕದ ನೂಲು ಹೋಯಿತೋ ಅಷ್ಟೇ ತೂಕದ ಕಂಬಳಿ ಬರಬೇಕು. ಕೂಲಿಯೂ ರಾತಲಿನ ಲೆಕ್ಕದಲ್ಲೇ. ಹೋದ ವರ್ಷ ತೂಕ ತಪ್ಪಿದ ಪುಟ್ಟಸ್ವಾಮಿಗೆ ನೂಲುಕಳ್ಳನೆಂಬ ಹೆಸರು ಬಂದು, ಆಮೇಲೆ ಯಾರೂ ನೂಲು ಕೊಡಲಿಲ್ಲ. ಅವನ ಮಗ್ಗದ ಕುಳಿಯಲ್ಲಿ ಈಗ ಕೋಳಿಗಳು ಮೊಟ್ಟೆಯಿಡುತ್ತವೆ.

ಹೋದ ಮಳೆಗಾಲ ಬಾಳೂರಿನಲ್ಲಿ ಆಳುಗಳು ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆಯಾಗಿ ಹೊದ್ದು ಕಾಫಿಗಿಡಗಳ ನಡುವೆ ಬಗ್ಗುವುದನ್ನು ಲಕ್ಕಯ್ಯ ಅರ್ಧ ದಿನ ನಿಂತು ನೋಡಿದ್ದ. ಮಂಡಿಯ ಕೆಳಗಿನ ಭಾಗ ನೀರು ಕುಡಿದು ಭಾರವಾಗಿ ಕೊಂಬೆಗೆ ಸಿಕ್ಕುತ್ತಿತ್ತು. ಈ ಸಲ ತಲೆ, ಹೆಗಲು ಬರುವಲ್ಲಿ ಹೊಕ್ಕುನೂಲನ್ನು ಒತ್ತಿ ಬಡಿದು, ಕೆಳಗೆ ಸಡಿಲಬಿಟ್ಟು, ಒಂದು ಮೊಳ ಗಿಡ್ಡ ನೇಯ್ದ. ಹಳೆಯದರ ಮೇಲೆ ಒಂದು ಕೊಡ, ಹೊಸದರ ಮೇಲೆ ಒಂದು ಕೊಡ ನೀರು ಸುರಿದು ಅಡಿಯಲ್ಲಿ ಕೈಯಿಟ್ಟ. ಹೊಸದರ ಅಡಿಯಲ್ಲಿ ಅಂಗೈ ಒಣಗಿಯೇ ಇತ್ತು. ಆ ಹುರುಪಿನಲ್ಲಿ ಒಪ್ಪಿಕೊಂಡಿದ್ದ ಹತ್ತು ಕಂಬಳಿಗಳನ್ನೂ ಹಾಗೇ ನೇಯ್ದ. ಬುಟ್ಟಿಯಲ್ಲಿ ಉಳಿದ ನೂಲು ಕಂಡ ಮೇಲೆ ಹೆದರಿಕೆ ಹತ್ತಿತು.

“ಹುಣಸೆಬೀಜದ ಗಂಜಿ ಇನ್ನೊಂದ್ ಸಲ ಬಳಿಯಾಣ. ತೂಕ ಬರ್ತದೆ,” ಎಂದಳು ಹೆಂಡತಿ ಜವರಮ್ಮ.

“ಮೊದಲ್ ಮಳೆಗೇ ತೊಳ್ದು ಹೋಗ್ತದಲ್ಲೇ.”

“ಹೋಗ್ಲಿ. ಇಲ್ದಿದ್ರೆ ನಾವೂ ಕೋಳಿ ಸಾಕಾಣ, ಜಾಗ ಹೆಂಗೂ ತಯಾರೈತೆ.”

ಲಕ್ಕಯ್ಯ ಗಂಜಿಯ ಮಡಕೆಯನ್ನು ಎರಡು ಸಲ ಒಲೆಗಿಟ್ಟು ಎರಡು ಸಲವೂ ಇಳಿಸಿದ. ಅಷ್ಟರಲ್ಲಿ ಷಡಕ್ಷರಿಯ ಗಾಡಿ ಬಂತು.

ತೊಲೆಗೆ ತಕ್ಕಡಿ ಕಟ್ಟಿ ಹತ್ತೂ ಕಂಬಳಿ ಏರಿಸಿದರು. ನಲವತ್ತು.

“ಏನ್ ಮಾರಾಯ, ನಿನ್ ಕಂಬಳಿಗಳು ಉಪವಾಸ ಹಿಡಿದಾವಾ?” ಷಡಕ್ಷರಿ ಕೇಳಿದರು. ಮುಖದಲ್ಲಿ ನಗುವಿರಲಿಲ್ಲ.

ಲಕ್ಕಯ್ಯ ಬುಟ್ಟಿಯ ನೂಲನ್ನು ತಬ್ಬಿ ತಂದು ಅದೇ ತಟ್ಟೆಗೆ ಸುರಿದ. ತಕ್ಕಡಿ ಐವತ್ತಕ್ಕೆ ಸಮವಾಯಿತು.

“ಉಳಿದದ್ದು, ಸಾವ್ಕಾರ್ರೇ. ಕದ್ದಿಲ್ಲ.”

ಒಂದು ಕಂಬಳಿ ಹರವಿ ಕೊಡ ನೀರು ಸುರಿದ. ಷಡಕ್ಷರಿ ಅಡಿಯಲ್ಲಿ ಕೈಯಿಟ್ಟು ತೆಗೆದು, ಅಂಗೈಯನ್ನೇ ನೋಡುತ್ತ ನಿಂತರು.

“ಭಲೇ! ಎಸ್ಟೇಟಿನವ್ರಿಗೆ ನಾನ್ ಹೇಳ್ತೀನಿ. ಮುಂದಿನ್ ಸಲದಿಂದ ಕಂಬ್ಳಿಗೆ ನಾಕೇ ರಾತಲ್ ನೂಲು.”

“ಕೂಲಿ?”

“ರಾತಲ್ ಲೆಕ್ಕಾನೇ. ಅದ್ರಲ್ಲಿ ಹೊಸದೇನೈತೆ?” ಒಂದು ಕಂಬಳಿಯನ್ನು ಬೇರೆ ಎತ್ತಿಟ್ಟರು. “ಇದನ್ನ ಕಡೂರಿನ ಮಗ್ಗದವ್ರಿಗೂ ತೋರಿಸ್ತೀನಿ. ಅವ್ರೂ ಹಿಂಗೇ ನೇಯ್ಲಿ.”

ನೂಲು ನಿಲ್ಲಲಿಲ್ಲ, ಕಳ್ಳನೆಂಬ ಹೆಸರೂ ಬರಲಿಲ್ಲ. ಲಕ್ಕಯ್ಯ ಉಸಿರುಬಿಟ್ಟ. ಮರುಗಳಿಗೆಯೇ ಇನ್ನೊಂದು ಹೊಳೆಯಿತು: ಹೆಚ್ಚು ಬಡಿಯಬೇಕಾದ ನೇಯ್ಗೆಗೆ ಇನ್ನು ಐದರಲ್ಲಿ ಒಂದು ಪಾಲು ಕೂಲಿ ಕಡಿಮೆ.

ಷಡಕ್ಷರಿ ಗಾಡಿ ಹತ್ತುತ್ತ ತಿರುಗಿದರು. “ತಲೇಲಿ ಇನ್ನೇನಾದ್ರೂ ಇದ್ರೆ ಹೇಳು ಮಾರಾಯ.”

ಇತ್ತು. ಕೊಪ್ಪೆಯನ್ನು ಒಂದು ಕೈಯಲ್ಲಿ ಹಿಡಿದುಕೊಳ್ಳಬೇಕಾಗದಂತೆ, ಅಂಚಿನಲ್ಲೇ ಎರಡು ಕುಣಿಕೆ ನೇಯುವುದು ಹೇಗೆಂದು ಅವನು ವಾರದಿಂದ ಯೋಚಿಸುತ್ತಿದ್ದ.

“ಏನೂ ಇಲ್ಲ, ಸಾವ್ಕಾರ್ರೇ,” ಎಂದ. ಜವರಮ್ಮ ಬಾಯಿ ತೆರೆಯುವ ಮೊದಲೇ ಅವಳ ಕೈಗೆ ಖಾಲಿ ಕೊಡ ಕೊಟ್ಟ.