ಗುಂಡುಸೂಜಿಯ ಆಯಸ್ಕಾಂತ

"ಅಮ್ಮಾ, ಬೇಡ, ಹಿಡಿಸ್ಬೇಡಿ!"

ಪ್ರಯೋಗಾಲಯದ ಮೇಷ್ಟ್ರು ಕುರ್ಚಿಯಿಂದ ಏಳುವಷ್ಟರಲ್ಲಿ ಟಕ್ಕೆಂದು ಸದ್ದಾಯಿತು. ನೆಲಕ್ಕೆ ಬಿದ್ದ ಗುಂಡುಸೂಜಿ ಎತ್ತಲು ಟೈಲರಮ್ಮ ಬಳಸುವ ಆಯಸ್ಕಾಂತ, ನಿಂಬೆಹಣ್ಣಿನಷ್ಟಿದ್ದ ಕಪ್ಪು ಕಲ್ಲಿಗೆ ಕಚ್ಚಿಕೊಂಡಿತ್ತು.

"ನೋಡಿ ಸಾರ್, ಆಕಾಶದ್ದೇ. ಬೀದಿ ಕಲ್ಲಾಗಿದ್ರೆ ಹೀಗೆ ಹಿಡೀತಿತ್ತಾ?"

ಅವಳ ಗಂಡ ಲಾರಿ ಓಡಿಸುತ್ತಿದ್ದ. ಬಿಡುವು ಸಿಕ್ಕರೆ ಬಯಲಲ್ಲಿ ಉಲ್ಕೆಯ ಕಲ್ಲು ಹುಡುಕುವ ಹುಚ್ಚು; ಹುಡುಕುವುದನ್ನು ಕಲಿತದ್ದು ಈ ಮೇಷ್ಟ್ರ ಹತ್ತಿರವೇ. ಈ ಕಲ್ಲು ಸಿಕ್ಕಿದ ದಿನ ವಾಪಸು ಬರುವಾಗ ಲಾರಿ ಮಗುಚಿತು. ಬಟ್ಟೆಯ ಗಂಟಿನಲ್ಲಿ ಕಲ್ಲು ಹಾಗೇ ಇತ್ತು; ಅವನು ಉಳಿಯಲಿಲ್ಲ. ಸಾವಿನ ಮನೆಗೆ ಬಂದವರೆದುರೆಲ್ಲ ಅವನ ಅಣ್ಣ, ಅವಳ ಭಾವ, "ರಸ್ತೆ ಕಲ್ಲಿಗೆ ಪ್ರಾಣ ಕೊಟ್ಟ" ಎನ್ನುತ್ತಿದ್ದರು.

"ಎಷ್ಟು ಸಲ ಹಿಡಿಸಿದೀರಿ?"

"ಲೆಕ್ಕ ಇಟ್ಟೋರ್ಯಾರು ಸಾರ್? ಬಂದೋರಿಗೆಲ್ಲ ಉಜ್ಜಿ ಉಜ್ಜಿ ತೋರ್ಸಿದೀನಿ. ನಮ್ಮ ಭಾವನ ಬಾಯಿ ಮುಚ್ಚಿಸ್ಬೇಕಿತ್ತಲ್ಲ."

ಮೇಷ್ಟ್ರು ಕಲ್ಲನ್ನು ಒಳಗೆ ಒಯ್ದರು. ಬಹಳ ಹೊತ್ತಿನ ಮೇಲೆ ಬಂದು ಅವಳ ಪಕ್ಕದಲ್ಲೇ ಕೂತರು.

"ಕಲ್ಲು ನಿಜವಾದ್ದೇ ಅಮ್ಮಾ. ಭೂಮಿಗಿಂತ ಹಳೇದು. ಇದರೊಳಗೆ ಕಬ್ಬಿಣದ ಪುಡಿಯಂಥ ಕಾಳುಗಳಿವೆ. ಭೂಮಿ ಹುಟ್ಟೋ ಮುಂಚೆ ಇದ್ದ ಕಾಂತಶಕ್ತಿಯ ಗುರುತು ಅದರಲ್ಲಿ ಉಳಿದಿರುತ್ತೆ. ಅದನ್ನ ಓದೋಕೇ ನಾವು ಕಾಯ್ತಿದ್ದದ್ದು. ಮ್ಯಾಗ್ನೆಟ್ ತಾಗಿದ್ರೆ ಆ ಗುರುತು ಹೋಗ್ಬಿಡುತ್ತೆ, ಕ್ಯಾಸೆಟ್ ಅಳಿಸಿದ ಹಾಗೆ."

"ಒಳಗಡೆ ಸ್ವಲ್ಪನಾದ್ರೂ…?"

"ಚೂರು ಕತ್ತರಿಸಿ ನೋಡ್ದೆ. ನಿಮ್ಮ ಮ್ಯಾಗ್ನೆಟ್ಟಿನ ಗುರುತು ಮಾತ್ರ ಇದೆ."

ಅವಳು ಸೆರಗಿನ ಅಂಚನ್ನು ಹೊಲಿಗೆ ಪರೀಕ್ಷಿಸುವವಳಂತೆ ಬೆರಳಲ್ಲಿ ಸವರಿದಳು. "ನಮ್ಮನೆಯವ್ರಿಗೆ ಗೊತ್ತಿತ್ತಾ, ಇದು?"

ಸುಳ್ಳು ಹೇಳಬಹುದಿತ್ತು. ಮೇಷ್ಟ್ರಿಗೆ ಅದು ಹೊಳೆಯುವ ಮೊದಲೇ ಬಾಯಿ ಆಡಿತ್ತು. "ಗೊತ್ತಿತ್ತಮ್ಮಾ. ಬೇರೆಯವ್ರು ಕೋಲಿಗೆ ಮ್ಯಾಗ್ನೆಟ್ ಕಟ್ಕೊಂಡು ಹುಡುಕ್ತಾರೆ. ನಿಮ್ಮನೆಯವ್ರು ಬರೀ ಕಣ್ಣಲ್ಲೇ ಹುಡುಕೋರು. ಅದಕ್ಕೇ ಇಷ್ಟು ವರ್ಷ ಹಿಡೀತು."

ಹೊರಗೆ ಬೆಂಚಿನ ಮೇಲೆ ಭಾವ ಕಾಯುತ್ತಿದ್ದರು. "ಏನಂತೆ?"

"ನಿಜವಾದ್ದೇ ಅಂತೆ."

ಭಾವನ ಮುಖ ಇಳಿಯಿತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಏನೇನೋ ಅಂದ್ಬಿಟ್ಟೆ, ಮನಸ್ಸಿಗೆ ಹಚ್ಕೋಬೇಡಮ್ಮಾ. ಮ್ಯಾಗ್ನೆಟ್ ಹಿಡಿಸಿ ತೋರ್ಸು ಅಂತ ನಾನೇ ಹೇಳಿದ್ದಲ್ವಾ? ಅದೊಂದು ಒಳ್ಳೇದೇ ಮಾಡ್ದೆ."

ಅವಳು ಹೂಂ ಎಂದಳು.

ಸಂಜೆ ರವಿಕೆಯೊಂದಕ್ಕೆ ತೋಳು ಕೂಡಿಸುವಾಗ ಮೊಣಕೈ ತಾಗಿ ಗುಂಡುಸೂಜಿಯ ಡಬ್ಬಿ ಉರುಳಿತು. ಅಭ್ಯಾಸಬಲದಿಂದ ಮೆಷಿನ್ನಿನ ಖಾನೆ ಎಳೆದಳು. ಒಳಗಿದ್ದ ಆಯಸ್ಕಾಂತವನ್ನು ನೋಡಿ, ಮತ್ತೆ ಮುಚ್ಚಿದಳು. ನೆಲದ ಮೇಲೆ ಕೂತು, ಕಾಣದಾಗುತ್ತಿದ್ದ ಸೂಜಿಗಳನ್ನು ಉಗುರಿನಿಂದ ಒಂದೊಂದಾಗಿ ಎಬ್ಬಿಸತೊಡಗಿದಳು.