ಹೊಸ ಟೈರಿನ ಮೀಸೆ

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ಚಕ್ರವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಿದರೆ, ಅದನ್ನು ಓಡಿಸುವವರ ಸ್ವಭಾವದ ಮುಕ್ಕಾಲು ಪಾಲು ತಿಳಿದುಬಿಡುತ್ತದೆ ಎಂದು ನನಗೆ ಕಲಿಸಿದವನು ಅಣ್ಣ. ಹಿಂದಿನ ಟೈರು ಒಂದೇ ಜಾಗದಲ್ಲಿ ಬೋಳಾಗಿದ್ದರೆ ಸವಾರನಿಗೆ ಬ್ರೇಕು ಅಮುಕಿ ಜಾರಿಸುವ ಚಟ. ನಡುವಿನ ಸಾಲು ಮಾತ್ರ ಸವೆದಿದ್ದರೆ ಆತ ಡಾಂಬರು ರಸ್ತೆಯ ಮನುಷ್ಯ. ಅಂಚಿನ ಬಟನ್‌ಗಳು, ಅಂದರೆ ಟೈರಿನ ಮೈಮೇಲೆ ಎದ್ದು ನಿಂತ ರಬ್ಬರಿನ ಉಬ್ಬುಗಳು, ಸವೆದಿದ್ದರೆ ತಿರುವಿನಲ್ಲಿ ಸೈಕಲ್ಲನ್ನು ನೆಲಕ್ಕೆ ಬಾಗಿಸಲು ಹೆದರದವನು. ಆಗ ಅಣ್ಣನಿಗೆ ಇಪ್ಪತ್ತು, ನನಗೆ ಹದಿನಾಲ್ಕು. ಅವನ ಟೈರಿನಲ್ಲಿ ಅಂಚೇ ಮೊದಲು ಸವೆಯುತ್ತಿತ್ತು.

ಮನೆಯ ಹಿಂದಿನ ತಗಡಿನ ಶೆಡ್ಡು ನಮ್ಮಿಬ್ಬರದೇ ರಾಜ್ಯವಾಗಿತ್ತು. ಪಂಕ್ಚರ್ ಅಂಟಿನ ಕಟುವಾಸನೆ, ನೀರಿನ ಬೋಗುಣಿಯಲ್ಲಿ ಮುಳುಗಿಸಿದ ಟ್ಯೂಬಿನಿಂದ ಏಳುವ ಗುಳ್ಳೆ, ಮೊಳೆಗೆ ನೇತುಬಿದ್ದ ಹಳೆಯ ಟೈರುಗಳು. ಅಣ್ಣ ಗಾಳಿ ಹೊಡೆಯುತ್ತಿದ್ದ. ನಾನು ಪಂಪಿನ ಮಾಪಕದ ಮುಳ್ಳು ನೋಡಿ ಬರೆದುಕೊಳ್ಳುತ್ತಿದ್ದೆ. ಚೌಕಳಿ ಹಾಳೆಯ ಪುಸ್ತಕದಲ್ಲಿ ನಾನೊಂದು ಕೋಷ್ಟಕ ಮಾಡಿದ್ದೆ. ಎಡಕ್ಕೆ ನಾವು ಓಡಾಡುತ್ತಿದ್ದ ಹಾದಿಗಳು, ಬಲಕ್ಕೆ ಮಣ್ಣು, ತೇವ, ಟೈರು, ಗಾಳಿ. ಗಟ್ಟಿ ನೆಲದ ಕ್ವಾರಿ ಹಾದಿಗೆ ಗಿಡ್ಡನೆಯ, ಒತ್ತೊತ್ತಾದ ಬಟನ್. ಚಕ್ರ ಸಲೀಸಾಗಿ ಉರುಳಬೇಕಲ್ಲ. ಕೆರೆಯಂಚಿನ ಕೆಸರಿಗೆ ಎತ್ತರದ, ಬಿಡಿಬಿಡಿಯಾದ ಬಟನ್. ಇಲ್ಲದಿದ್ದರೆ ಸಂದುಗಳಲ್ಲಿ ಕೆಸರು ಮೆತ್ತಿಕೊಂಡು ಟೈರು ಮಣ್ಣಿನ ಉಂಡೆಯಾಗುತ್ತದೆ. ಬೇರಿನ ಇಳಿಜಾರು ಎಂದು ನಾವು ಕರೆಯುತ್ತಿದ್ದ ಹಾದಿಯಲ್ಲಿ ಮರದ ಬೇರುಗಳು ಮೆಟ್ಟಿಲುಗಳಂತೆ ಅಡ್ಡ ಹಾಯ್ದಿದ್ದವು. ಒದ್ದೆಯಾದರೆ ಸಾಬೂನು ಸವರಿದಂತೆ. ಅದಕ್ಕೆ ಮುಂದಿನ ಚಕ್ರಕ್ಕೆ ಮೆತ್ತನೆಯ ರಬ್ಬರಿನ ಅಗಲ ಟೈರು, ಕಡಿಮೆ ಗಾಳಿ. ಕೊನೆಯ ಅಂಕಣಕ್ಕೆ ‘ಸವಾರ’ ಎಂದು ಹೆಸರಿಟ್ಟಿದ್ದೆ. ಅದರಲ್ಲಿ ಎಲ್ಲ ಸಾಲಿಗೂ ಒಂದೇ ಮಾತು: ‘ಬ್ರೇಕ್ ಹಿಡಿಯುವುದಿಲ್ಲ.’

“ಏನ್ ಪ್ರೊಫೆಸರ್, ಇವತ್ತು ಎಷ್ಟು ಗಾಳಿ?” ಎಂದು ಅಣ್ಣ ಕೇಳುತ್ತಿದ್ದ. ಗೇಲಿಯೇ ಸರಿ, ಆದರೆ ನಾನು ಹೇಳಿದಷ್ಟೇ ಹೊಡೆಯುತ್ತಿದ್ದ.

ಒಂದು ಶನಿವಾರ, ಎರಡು ದಿನ ಮಳೆ ಸುರಿದು ನಿಂತ ಮೇಲೆ, ಬೇರಿನ ಇಳಿಜಾರಿಗೆಂದು ಮುಂದಿನ ಟೈರನ್ನು ನಾನೇ ಅಂಗಡಿಯಲ್ಲಿ ಆರಿಸಿದೆ. ಗೊಂದಲವಾಗದಿರಲೆಂದು ಅದರ ಒಳಮೈಯಲ್ಲಿ ಬಿಳಿ ಬಣ್ಣದಿಂದ ‘ಮುಂದೆ’ ಎಂದು ಬರೆದು, ತಿರುಗುವ ದಿಕ್ಕಿಗೆ ಬಾಣದ ಗುರುತನ್ನೂ ಹಾಕಿ ಅವನ ಕೈಗಿತ್ತೆ. ಭಾನುವಾರ ನಾನು ಏಳುವಷ್ಟರಲ್ಲಿ ಅವನು ಹೊರಟಾಗಿತ್ತು. ಹನ್ನೊಂದು ಗಂಟೆಗೆ ಆಸ್ಪತ್ರೆಯಿಂದ ಕರೆ ಬಂತು. ಎಡ ಮಂಡಿ ಮೂರು ಕಡೆ ಮುರಿದಿತ್ತು. ವಾರ್ಡಿನ ಬಾಗಿಲಲ್ಲಿ ಅವನ ಗೆಳೆಯ ಅಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು: “ಬೇರಿನ ಮೇಲೆ ಮುಂದಿನ ಟೈರ್ ಜಾರಿಬಿಡ್ತು, ಅಂಕಲ್. ಹಿಡೀಲೇ ಇಲ್ಲ.”

ಆ ಸಂಜೆ ಕೋಷ್ಟಕದ ಹಾಳೆಯನ್ನು ಹರಿದು ಹಾಕಿದೆ. ಸೊಟ್ಟಗಾದ ಮುಂದಿನ ಚಕ್ರವನ್ನು ಗೆಳೆಯರು ಗುಡ್ಡದಲ್ಲೇ ಬಿಟ್ಟು ಬಂದಿದ್ದರು. ಉಳಿದ ಸೈಕಲ್ಲು ಶೆಡ್ಡು ಸೇರಿತು. ಹನ್ನೊಂದು ವರ್ಷ ನಾನು ಆ ಶೆಡ್ಡಿನ ಬಾಗಿಲು ತೆಗೆಯಲಿಲ್ಲ, ಯಾರಿಗೂ ಟೈರು ಆರಿಸಿಕೊಡಲೂ ಇಲ್ಲ. ಅಣ್ಣನೂ ನಾನೂ ಎಲ್ಲವನ್ನೂ ಮಾತಾಡಿಕೊಂಡೆವು, ಸೈಕಲ್ಲೊಂದನ್ನು ಬಿಟ್ಟು. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ ಮೇಲೆ ದಿನಕ್ಕೆ ನಲವತ್ತು ಮಾದರಿಗಳ ತೇವವನ್ನು ಅಳೆಯುತ್ತೇನೆ. ಒಂದೊಂದನ್ನೂ ಎರಡೆರಡು ಸಲ.

ಕಳೆದ ಗುರುವಾರ ಅತ್ತಿಗೆ ನನ್ನನ್ನು ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿದರು. ಅಣ್ಣನ ಎರಡನೆಯ ಶಸ್ತ್ರಚಿಕಿತ್ಸೆಯ ನಂತರ ಮಂಡಿಗೆ ವ್ಯಾಯಾಮ ಹೇಳಿಕೊಡಲು ಬರುತ್ತಿದ್ದವರು ಅವರೇ. ಕಾಲು ಸರಿಹೋದ ಮೇಲೂ ಡಾಕ್ಟರಮ್ಮ ಮನೆ ಬಿಟ್ಟು ಹೋಗಲಿಲ್ಲ ಎಂಬುದು ಅಮ್ಮನ ತಮಾಷೆ.

“ನಿಮ್ಮಣ್ಣ ಭಾನುವಾರ ಬೇರಿನ ಇಳಿಜಾರಿಗೆ ಹೋಗ್ತಾರಂತೆ.”

ನನ್ನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ನೀವು ಬೇಡ ಅನ್ಲಿಲ್ವಾ ಅತ್ತಿಗೆ?”

“ಯಾಕನ್ಲಿ? ಮಂಡಿ ನಾನೇ ರೆಡಿ ಮಾಡಿದ್ದು, ಅದರ ಮೇಲೆ ನಂಗೆ ನಂಬಿಕೆ ಇದೆ. ಟೈರ್ ಮೇಲೆ ಇಲ್ಲ. ಬೆರಳಿಟ್ಟು ನೋಡಿದೆ, ನಮ್ಮ ಮಾವನವರ ತಲೆ ಥರ ನುಣ್ಣಗಿದೆ.”

“ಅಂಗಡಿಯವರನ್ನ ಕೇಳಿದ್ರೆ ಒಳ್ಳೇದು ಆರಿಸಿಕೊಡ್ತಾರೆ.”

“ಅದನ್ನೂ ಹೇಳಿ ನೋಡ್ದೆ. ಪ್ರೊಫೆಸರ್ ಆರಿಸಿಕೊಟ್ರೆ ಹಾಕ್ಕೋತೀನಿ, ಇಲ್ದಿದ್ರೆ ಇರೋದ್ರಲ್ಲೇ ಹೋಗ್ತೀನಿ ಅಂತ ಕೂತಿದ್ದಾರೆ. ಅಣ್ಣತಂಗಿ ಇಬ್ರೂ ಒಂದೇ ಅಚ್ಚು, ಹೇಳಿದ್ದು ಕೇಳಲ್ಲ. ಬಾಯಿಗೆ ಬೀಗ ಬೇರೆ.” ಅವರು ಶೆಡ್ಡಿನ ಬೀಗದ ಕೈಯನ್ನು ನನ್ನ ಮುಂದಿಟ್ಟರು. “ಹೋಗಿ ನೋಡಿ ಬಾ. ಬರೀ ನೋಡು.”

ಬಾಗಿಲು ತೆಗೆದಾಗ ಅದೇ ವಾಸನೆ ಬಂತು. ಬೋಗುಣಿ ತುಕ್ಕು ಹಿಡಿದಿತ್ತು, ಮೊಳೆಗಳು ಖಾಲಿ. ಕೆಲವು ವರ್ಷಗಳ ಹಿಂದೆ ಅಣ್ಣ ಮುಂದಕ್ಕೆ ಹೊಸ ಚಕ್ರ, ಎರಡಕ್ಕೂ ಹೊಸ ಟೈರು ಹಾಕಿಸಿ ಅದೇ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗತೊಡಗಿದ್ದ. ಅವನದು ಲಿಫ್ಟ್ ದುರಸ್ತಿಯ ಕೆಲಸ. ಸೈಕಲ್ಲನ್ನು ಮಗುಚಿ ಚಕ್ರವನ್ನು ತಿರುಗಿಸಿದೆ. ಎರಡೂ ಟೈರುಗಳಲ್ಲಿ ನಡುವಿನ ಸಾಲು ಸಂಪೂರ್ಣ ನೆಲಸಮ. ಅಂಚಿನ ಬಟನ್‌ಗಳಿಗೆ ಒಂದು ಗೀರೂ ಇರಲಿಲ್ಲ. ತಿರುವಿನಲ್ಲಿ ಮೊಣಕೈ ನೆಲಕ್ಕೆ ತಾಗುವಂತೆ ಬಾಗುತ್ತಿದ್ದವನು ಇಷ್ಟು ವರ್ಷ ಎಲ್ಲಿಯೂ ಬಾಗಿರಲಿಲ್ಲ. ನಾನು ಬಹಳ ಹೊತ್ತು ಆ ಚಕ್ರವನ್ನು ಸುಮ್ಮನೆ ತಿರುಗಿಸುತ್ತ ಕುಳಿತೆ.

ಪಂಪು ಅಟ್ಟದ ಮೇಲಿತ್ತು. ಅದನ್ನು ಎಳೆಯುವಾಗ ಜೊತೆಗೊಂದು ಗೋಣಿಚೀಲ ಜಾರಿ ಬಿತ್ತು. ಒಳಗೊಂದು ಟೈರು. ಹೊರಗೆ ತೆಗೆದು ನೋಡಿದರೆ, ಒಳಮೈಯಲ್ಲಿ ಬಿಳಿ ಬಣ್ಣದ ದುಂಡು ಅಕ್ಷರಗಳು: ‘ಮುಂದೆ’.

ಹೊಸ ಟೈರಿನ ಮೈತುಂಬ ಕೂದಲಿನಷ್ಟು ತೆಳ್ಳನೆಯ ರಬ್ಬರಿನ ಎಳೆಗಳಿರುತ್ತವೆ. ಅಚ್ಚಿನಿಂದ ಗಾಳಿ ಹೊರಹೋಗುವ ತೂತುಗಳಲ್ಲಿ ರಬ್ಬರು ನುಗ್ಗಿ ಉಳಿಯುವ ಎಳೆಗಳು ಅವು. ಅಣ್ಣ ಅದನ್ನು ಟೈರಿನ ಮೀಸೆ ಎನ್ನುತ್ತಿದ್ದ. ಮೂರುನಾಲ್ಕು ಕಿಲೋಮೀಟರು ಓಡಿದರೆ ಸಾಕು, ನಡುವಿನ ಮೀಸೆ ಉದುರಿಹೋಗುತ್ತದೆ. ಈ ಟೈರನ್ನು ನಾನು ಬೆಳಕಿಗೆ ಹಿಡಿದು ಅಂಗುಲ ಅಂಗುಲವಾಗಿ ಒಂದು ಸುತ್ತು ನೋಡಿದೆ. ನಂತರ ಇನ್ನೊಂದು ಸುತ್ತು. ಮೀಸೆ ಎಲ್ಲಿಯೂ ಉದುರಿರಲಿಲ್ಲ. ನಾನು ಆರಿಸಿಕೊಟ್ಟ ಟೈರು ನೆಲವನ್ನೇ ಮುಟ್ಟಿರಲಿಲ್ಲ.

ಅಣ್ಣ ಕೆಲಸದಿಂದ ಬಂದವನು ನೇರ ಶೆಡ್ಡಿಗೇ ಬಂದ. ನನ್ನ ತೊಡೆಯ ಮೇಲಿದ್ದ ಟೈರನ್ನು ಕಂಡು ಬಾಗಿಲಲ್ಲೇ ನಿಂತ.

“ಸಿಕ್ತಾ,” ಎಂದ.

“ನೀನು ಇದನ್ನ ಹಾಕ್ಕೊಂಡೇ ಇರ್ಲಿಲ್ಲ.”

“ಅದು ನಿಂಗೆ ಅವತ್ತೇ ಗೊತ್ತಿತ್ತಲ್ಲ.”

“ಯಾರು ಹೇಳಿದ್ರು ಗೊತ್ತಿತ್ತು ಅಂತ?”

ಅವನು ಗಲಿಬಿಲಿಗೊಂಡ. “ಮತ್ತೆ ಆ ಹಾಳೆ ಹರಿದು ಹಾಕಿದ್ದು? ಶೆಡ್ ಕಡೆ ತಿರುಗಿ ನೋಡದೇ ಇದ್ದಿದ್ದು? ನನ್ನ ಮಾತು ಕೇಳದೆ ಹಳೇ ಟೈರಲ್ಲಿ ಹೋಗಿ ಬಿದ್ದು ಬಂದ, ಅನುಭವಿಸ್ಲಿ ಅಂತ ಕೋಪ ಮಾಡ್ಕೊಂಡೆ ಅನ್ಕೊಂಡಿದ್ದೆ ಕಣೇ.”

“ನನ್ನ ಟೈರ್ ಜಾರಿ ನೀನು ಬಿದ್ದೆ ಅನ್ಕೊಂಡಿದ್ದೆ ನಾನು.” ಧ್ವನಿಯನ್ನು ಸಮವಾಗಿಡಲು ಪ್ರಯತ್ನಿಸಿದೆ, ಆಗಲಿಲ್ಲ. “ಹನ್ನೊಂದು ವರ್ಷ, ಅಣ್ಣ.”

ಅವನು ಬೋಗುಣಿಯನ್ನು ಮಗುಚಿ ಹಾಕಿ ಅದರ ಮೇಲೆ ಕುಳಿತ. ಎಡಗಾಲನ್ನು ನೀಳವಾಗಿ ಚಾಚಿಕೊಂಡ.

“ನಿನ್ನಿಂದಲೇ ಕಲ್ತ ಬುದ್ಧಿ. ರಾತ್ರಿ ಅಮ್ಮನ ಅಡುಗೆಮನೆ ತಕ್ಕಡೀಲಿ ಎರಡೂ ತೂಗಿ ನೋಡ್ದೆ. ಹಳೇದಕ್ಕಿಂತ ಇದು ಇನ್ನೂರ ಎಂಬತ್ತು ಗ್ರಾಂ ಜಾಸ್ತಿ. ಅವತ್ತು ಆಸ್ಪತ್ರೇಲಿ ಅಪ್ಪನ ಹತ್ರ ಮಾತಾಡಿದ್ನಲ್ಲ ನನ್ನ ಗೆಳೆಯ, ಹತ್ತುವಾಗ ಅವನನ್ನ ಹಿಂದೆ ಹಾಕ್ಬೇಕು ಅಂತ ಹಟ ಇತ್ತು. ಇದನ್ನ ಅಟ್ಟಕ್ಕೆಸೆದು ಹೋದೆ.”

“ಹಿಂದೆ ಹಾಕಿದ್ಯಾ?”

“ಹಾಕ್ದೆ. ಇಳೀವಾಗ ಅವನೇ ನನ್ನ ಹೊತ್ಕೊಂಡು ಬಂದ.”

ನಗು ಮೊದಲು ಯಾರಿಗೆ ಬಂತೋ ತಿಳಿಯದು. ಅಳುವಿನ ನಡುವೆ ನಕ್ಕರೆ ಮೂಗು ಕಟ್ಟುತ್ತದೆ; ನಾನು ಅಂಗಿಯ ತೋಳಿನಲ್ಲಿ ಒರೆಸಿಕೊಂಡೆ.

“ಈಗ ಇದನ್ನೇ ಹಾಕು,” ಎಂದ ಅಣ್ಣ. “ಬಾಕಿ ಉಳಿದಿದ್ದ ಕೆಲಸ.”

ನನಗೂ ಅದೇ ಆಸೆಯಿತ್ತು. ಆದರೂ ಬಟನ್ನಿನ ಮೇಲೆ ಉಗುರೊತ್ತಿ ನೋಡಿದೆ. ಮೆತ್ತನೆಯ ರಬ್ಬರಿನಲ್ಲಿ ಉಗುರಿನ ಗುರುತು ಮೂಡಿ ಮಾಯವಾಗಬೇಕು. ಇಲ್ಲಿ ಮೂಡಲೇ ಇಲ್ಲ. ಬದಿಯನ್ನು ಮಡಿಸಿದರೆ ಕೂದಲೆಳೆಯ ಬಿರುಕುಗಳು.

“ಆಗಲ್ಲ. ಇಟ್ಟಲ್ಲೇ ಇಟ್ಟು ಗಟ್ಟಿಯಾಗಿಬಿಟ್ಟಿದೆ. ಒದ್ದೆ ಬೇರಿನ ಮೇಲೆ ಜಾರುತ್ತೆ.” ಶೆಡ್ಡಿನಲ್ಲೇ ಉಳಿದಿದ್ದ ಹಳೆಯ ಚೌಕಳಿ ಪುಸ್ತಕ ತೆರೆದು ಹೊಸ ಕೋಷ್ಟಕದ ಗೆರೆಗಳನ್ನು ಎಳೆದೆ. “ತೂಕ ಎಷ್ಟು ನಿಂದು?”

“ಎಂಬತ್ತಮೂರು.”

“ಎಂಬತ್ತಾರು,” ಎಂದರು ಬಾಗಿಲಲ್ಲಿ ಕಾಣಿಸಿಕೊಂಡ ಅತ್ತಿಗೆ. “ನಮ್ಮನೇಲಿ ತಕ್ಕಡಿ ಇದೆ ಅನ್ನೋದು ಮರೀಬೇಡಿ.”

‘ಸವಾರ’ ಎಂಬ ಅಂಕಣದಲ್ಲಿ ಪೆನ್ಸಿಲ್ಲು ನಿಂತಿತು. ಹಳೆಯ ಮಾತನ್ನೇ ಬರೆಯಬಹುದಿತ್ತು, ಆದರೆ ಅದು ಇಪ್ಪತ್ತರ ಹುಡುಗನ ಲಕ್ಷಣ. ನನ್ನ ಮುಂದೆ ಮಗುಚಿ ನಿಂತಿದ್ದ ಟೈರುಗಳು ಬೇರೊಬ್ಬನ ಕತೆ ಹೇಳುತ್ತಿದ್ದವು. ಆ ಅಂಕಣವನ್ನು ಖಾಲಿ ಬಿಟ್ಟೆ.

ಮರುದಿನ ಅಂಗಡಿಯವರು ನಮ್ಮ ಹಳೆಯ ಸೈಕಲ್ಲಿನ ಅಳತೆ ಕೇಳಿ, “ಈ ಸೈಜ್ ಕೇಳ್ಕೊಂಡು ಬರೋರು ಈಗ ನೀವೊಬ್ರೇ ಉಳಿದಿರೋದು,” ಎನ್ನುತ್ತ ಏಣಿ ಹತ್ತಿದರು. ಮುಂದಿನ ಚಕ್ರಕ್ಕೆ ಮೆತ್ತನೆಯ ರಬ್ಬರಿನ, ಎತ್ತರದ ಬಟನ್ನಿನ ಅಗಲ ಟೈರನ್ನೇ ಆರಿಸಿದೆ. ಅದು ಹಾದಿಗಾಗಿ. ಹಿಂದಿನದಕ್ಕೆ ಮಾತ್ರ ಯೋಚಿಸಿದೆ. ಆಗಿನ ಅಣ್ಣನಿಗಾದರೆ ಹಗುರವಾಗಿ ಉರುಳುವ ಗಿಡ್ಡ ಬಟನ್ ಸಾಕಿತ್ತು. ಈಗ ಅವನು ಬ್ರೇಕು ಹಿಡಿಯುತ್ತಾನೆ, ಮತ್ತೆ ಮತ್ತೆ ಹಿಡಿಯುತ್ತಾನೆ. ನೆಲ ಕಚ್ಚಿ ನಿಲ್ಲುವ ಅಡ್ಡ ಅಂಚಿನ ಬಟನ್ ಬೇಕು. ಆಮೇಲೆ ಎರಡನ್ನೂ ತೂಗಿಸಲು ಹೇಳಿದೆ.

“ತೂಕ ಯಾಕಮ್ಮಾ?”

“ನಮ್ಮಣ್ಣ ಕೇಳ್ತಾನೆ.”

ಅವನು ಕೇಳಲಿಲ್ಲ. ನಾನು ಟೈರನ್ನು ರಿಮ್ಮಿಗೆ ಕೂರಿಸುವಾಗ ಬಾಣದ ದಿಕ್ಕನ್ನು ಮಾತ್ರ ಎರಡು ಸಲ ನೋಡಿದ.

ಭಾನುವಾರ ಬೆಳಿಗ್ಗೆ ನಾನೂ ಅತ್ತಿಗೆಯೂ ಇಳಿಜಾರಿನ ಬುಡದಲ್ಲಿ ನಿಂತಿದ್ದೆವು. ಹಿಂದಿನ ದಿನ ತುಂತುರು ಬಿದ್ದು ಬೇರುಗಳು ಕಪ್ಪಗೆ ಮಿನುಗುತ್ತಿದ್ದವು. ಮೇಲೆಲ್ಲೋ ಬ್ರೇಕು ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಅತ್ತಿಗೆ ನನ್ನ ಮುಂಗೈಯನ್ನು ಹಿಡಿದುಕೊಂಡರು. ಅವರಿಗೆ ಹೆದರಿಕೆಯಿಲ್ಲವೆಂದು ನಾನು ಅದುವರೆಗೂ ನಂಬಿದ್ದೆ. ಕೊನೆಯ ತಿರುವಿನಲ್ಲಿ ಅಣ್ಣ ಕಾಣಿಸಿದ. ಬೇರುಗಳ ಮೇಲೆ ಮುಂದಿನ ಚಕ್ರ ಕುಪ್ಪಳಿಸಿತು, ಒಂದು ಕ್ಷಣ ಪಕ್ಕಕ್ಕೆ ಸರಿಯಿತು, ಹಿಡಿಯಿತು.

ಅವನು ನನ್ನೆದುರು ಬಂದು ಸೈಕಲ್ಲನ್ನು ಮಗುಚಿ ನಿಲ್ಲಿಸಿದ. ಇಬ್ಬರೂ ಮಂಡಿಯೂರಿ ಚಕ್ರ ತಿರುಗಿಸಿದೆವು. ನಡುವಿನ ಮೀಸೆ ಉದುರಿತ್ತು. ಅದು ಮನೆಯಿಂದ ಬರುವ ದಾರಿಯಲ್ಲೇ ಹೋಗಿರಬೇಕು. ಬಲ ಅಂಚಿನ ಮೀಸೆಯೂ ಇರಲಿಲ್ಲ. ಅವನು ಬಾಗಿದ್ದ. ಎಡ ಅಂಚಿನಲ್ಲಿ, ಮುರಿದ ಮಂಡಿಯ ಕಡೆ, ಮೀಸೆ ಹೊಸದರಂತೆಯೇ ನಿಂತಿತ್ತು.

“ಎಡಗಡೆ ಹಾಗೇ ಇದೆ,” ಎಂದ.

“ಇರ್ಲಿ ಬಿಡು ಅಣ್ಣ. ಇವತ್ತಿಗೆ ಸಾಕು.”

ಅವನು ಎದ್ದು ಸೈಕಲ್ಲನ್ನು ನೇರ ಮಾಡಿ, ಮೇಲಿನ ಹಾದಿಯ ಕಡೆ ತಿರುಗಿಸಿದ.

“ಮಂಡಿಗೆ ಐಸ್ ಇಡೋಳು ನಾನು, ನನ್ನನ್ನ ಯಾರೂ ಕೇಳಲ್ಲ,” ಎಂದರು ಅತ್ತಿಗೆ. ಆದರೆ ದಾರಿ ಬಿಟ್ಟು ಪಕ್ಕಕ್ಕೆ ಸರಿದರು.

“ಏನ್ ಪ್ರೊಫೆಸರ್,” ಎಂದ ಅಣ್ಣ, “ಎಷ್ಟು ಗಾಳಿ?”

ನಾನು ಗಾಳಿಯ ಮಾಪಕವನ್ನು ಮುಂದಿನ ಚಕ್ರದ ವಾಲ್ವಿನ ಮೂತಿಗೆ ಒತ್ತಿ ಮುಳ್ಳು ನೋಡಿದೆ. ಎರಡನೆಯ ಸಲ ನೋಡಲಿಲ್ಲ.

“ಇಪ್ಪತ್ತೆಂಟಿದೆ. ಸರಿಯಾಗಿದೆ, ಹೋಗು.”